ಓಲಗಕ್ಕೆ ಕೆಂಪು ಶಾಯಿ

ಸುತ್ತೋಲೆ ಬಂದದ್ದು ಒಂದು ಸೋಮವಾರ, ಮೊದಲ ಪೀರಿಯಡ್ಡಿನ ಮಧ್ಯೆ. ಒಂಬತ್ತನೇ ತರಗತಿಯ ಮಕ್ಕಳು ಸಂಗೀತವನ್ನೂ ಇತಿಹಾಸವನ್ನೂ ಬೆಸೆಯುವ ಒಂದು ವಿಷಯ ಆರಿಸಿಕೊಂಡು ಪೋಷಕರ ಮುಂದೆ ಪ್ರೆಸೆಂಟೇಷನ್ ಕೊಡಬೇಕು, ವಿಷಯದ ಆಯ್ಕೆಗೆ ಸಮಾಜ ವಿಜ್ಞಾನದ ಶಿಕ್ಷಕರು ಜವಾಬ್ದಾರರು ಎಂದಿತ್ತು. ಸಮಾಜ ವಿಜ್ಞಾನದ ಶಿಕ್ಷಕರು ಎಂದರೆ ನಾನೊಬ್ಬಳೇ. ಬನಶಂಕರಿ ಕಡೆಯ ನಮ್ಮ ಶಾಲೆಯಲ್ಲಿ ಯಾವುದನ್ನು ಯಾರೂ ಮಾಡುವುದಿಲ್ಲವೋ ಅದೆಲ್ಲ ನನ್ನ ವಿಷಯದ ಕೆಳಗೆ ಬರುತ್ತದೆ. ಸ್ವಾತಂತ್ರ್ಯ ದಿನದ ಭಾಷಣ ನಾನೇ ಬರೆಯಬೇಕು, ನಲ್ಲಿಯ ಮೇಲೆ ‘ನೀರು ಉಳಿಸಿ’ ಎಂಬ ಚೀಟಿ ನಾನೇ ಅಂಟಿಸಬೇಕು.

ಇದರ ಹಿಂದೆ ಇದ್ದವರು ನಮ್ಮ ಕೋಆರ್ಡಿನೇಟರ್. ಯಾವುದೋ ಟ್ರೈನಿಂಗ್ ಕಂಪನಿಯಿಂದ ಎರಡು ವರ್ಷದ ಹಿಂದೆ ಬಂದವರು. ಮಕ್ಕಳಿಗೆ ಪಾಠ ಮಾಡಿದ್ದನ್ನು ನಾನು ಕಂಡಿಲ್ಲ, ಪಾಠ ಹೇಗೆ ಮಾಡಬೇಕೆಂದು ನಮಗೆ ಹೇಳಿದ್ದನ್ನು ದಿನಾ ಕಂಡಿದ್ದೇನೆ. ಸುತ್ತೋಲೆಯ ಜೊತೆಗೆ ಅಂಕದ ಪಟ್ಟಿಯನ್ನೂ ಲಗತ್ತಿಸಿದ್ದರು. ಹೊಸತನಕ್ಕೆ ಹತ್ತು, ತಂಡದ ಕೆಲಸಕ್ಕೆ ಹತ್ತು, ‘ವಾವ್ ಫ್ಯಾಕ್ಟರ್’ಗೆ ಹತ್ತು. ಇತಿಹಾಸ ಎಲ್ಲಿ ಎಂದು ಹುಡುಕಿದರೆ ಕೊನೆಯಲ್ಲಿ ‘ಮೂಲ ಆಧಾರ’ ಎಂದು ಸಣ್ಣಕ್ಷರದಲ್ಲಿ ಇತ್ತು, ಅದಕ್ಕೆ ಐದು. ನಾನು ಅವರ ಕೋಣೆಗೆ ಹೋಗಿ ಜಗಳ ಆಡಿ ಅದನ್ನು ಹತ್ತು ಮಾಡಿಸಿದೆ. “ನೀವು ತುಂಬಾ ಪ್ಯಾಷನೇಟ್ ಮ್ಯಾಮ್” ಎಂದರು. ಅವರ ಭಾಷೆಯಲ್ಲಿ ಅದು ಬೈಗುಳ.

ಹತ್ತು ಅಂಕ ಗೆದ್ದ ಮೇಲೆ ಸುಮ್ಮನಿರಲಾದೀತೇ. ಒಂದಿಡೀ ಪೀರಿಯಡ್ ನಿಂತು ಮೂಲ ಆಧಾರ ಎಂದರೇನು ಎಂದು ಪಾಠ ಮಾಡಿದೆ. ಆ ಕಾಲದವರು ಆ ಕಾಲದಲ್ಲೇ ತಮ್ಮ ಕೈಯಾರೆ ಬರೆದಿಟ್ಟದ್ದು, ಕೆತ್ತಿಟ್ಟದ್ದು. ಅದರಲ್ಲಿ ಸತ್ಯವೇ ಇರಬೇಕೆಂದಿಲ್ಲ, ಸುಳ್ಳಿದ್ದರೂ ಆ ಕಾಲದವರು ಹೇಗೆ ಯೋಚಿಸುತ್ತಿದ್ದರು ಎಂಬುದಕ್ಕೆ ಅದೇ ಸಾಕ್ಷಿ. ಬರೆದವರ ಹೆಸರು ಬೇಕು, ದಿನಾಂಕ ಬೇಕು. “ಗೂಗಲ್‌ನಲ್ಲಿ ಸಿಕ್ತು ಮಿಸ್ ಅಂತ ನನ್ನ ಹತ್ರ ಬರಬೇಡಿ. ನಿಘಂಟು ನೋಡಿದ್ರಾ ಅಂತ ಮೊದಲು ಕೇಳ್ತೀನಿ” ಎಂದೆ. ಇದು ನನ್ನ ಇಪ್ಪತ್ತೆರಡು ವರ್ಷದ ಮಾತು. ಮಕ್ಕಳು ನನ್ನ ಬೆನ್ನ ಹಿಂದೆ ನನ್ನನ್ನು ನಿಘಂಟು ಮಿಸ್ ಎನ್ನುತ್ತಾರೆಂದು ಗೊತ್ತಿದೆ, ಅದರ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು.

ಗುರುವಾರ ವಿಷಯದ ಫಾರಂಗಳು ಬಂದವು. ಏಳು ಫಾರಂ. ಅದರಲ್ಲಿ ಆರರ ವಿಷಯ ಒಂದೇ, ಮೈಸೂರು ಅರಮನೆಯ ಸಂಗೀತ. ವಿಷಯ ಒಂದೇ ಆದರೆ ಹೋಗಲಿ, ವಾಕ್ಯಗಳೂ ಒಂದೇ. ಸಂಗೀತವು ನಾಗರಿಕತೆಯ ಆತ್ಮ ಎಂದು ಆರೂ ಫಾರಂಗಳು ಶುರುವಾಗಿದ್ದವು. ಎಳೆ ಹಿಡಿದು ಕೇಳಿದಾಗ ಹೊರಬಿತ್ತು. ಪದ್ಮನಾಭನಗರದ ಒಂದು ಟ್ಯೂಷನ್ ಸೆಂಟರಿನಲ್ಲಿ ಯಾರೋ ಒಬ್ಬ ಅಣ್ಣ ಕಂಪ್ಯೂಟರನ್ನು ಕೇಳಿ ಒಂದು ಪುಟ ಬರೆಸಿ ಎಲ್ಲರಿಗೂ ಹಂಚಿದ್ದ. “ನಾವು ಫಾಂಟ್ ಚೇಂಜ್ ಮಾಡಿದೀವಿ ಮಿಸ್” ಎಂದ ಒಂದು ಗುಂಪಿನ ಮುಖಂಡ. ಅವನ ಮುಖದಲ್ಲಿ ನಾಚಿಕೆಯ ಗುರುತೇ ಇರಲಿಲ್ಲ.

ಏಳನೆಯದು ಒಬ್ಬಳೇ ಹುಡುಗಿಯ ಫಾರಂ. ಕಿಟಕಿ ಪಕ್ಕದ ಕೊನೆಯ ಬೆಂಚಿನವಳು, ಕರೆದರೆ ಮಾತ್ರ ಎದ್ದು ನಿಲ್ಲುವವಳು, ಯಾವ ಗುಂಪೂ ಸೇರಿಸಿಕೊಂಡಿರಲಿಲ್ಲ. ವಿಷಯದ ಜಾಗದಲ್ಲಿ ‘ವಾಲಗ’ ಎಂದು ಬರೆದಿದ್ದಳು. ಮದುವೆ ಮನೆಯಲ್ಲಿ ನಾಗಸ್ವರ ಊದಿ ಡೋಲು ಬಾರಿಸುವುದಕ್ಕೆ ನಮ್ಮ ಕಡೆ ಎಲ್ಲರೂ ಹಾಗೇ ಎನ್ನುವುದು. ಆಧಾರ ಎಂಬಲ್ಲಿ, ‘ತಾತನನ್ನು ಕೇಳಿ ಬರೆಯುತ್ತೇನೆ’. ಹೋಂವರ್ಕ್ ತಪ್ಪಿಸಿಕೊಳ್ಳಲು ಪ್ರತಿ ಮಗುವಿಗೂ ಒಬ್ಬ ತಾತ ಇರುತ್ತಾರೆ ಎಂದುಕೊಂಡೆ. ಆರು ಫಾರಂ ಓದಿ ನೆತ್ತಿಗೇರಿದ್ದ ಸಿಟ್ಟು ಏಳನೆಯದರ ಮೇಲೆ ಇಳಿಯಿತು. ಕೆಂಪು ಪೆನ್ನಿನಲ್ಲಿ ಬರೆದೆ: ‘ಇದು ಇತಿಹಾಸವಲ್ಲ, ಮದುವೆ ಮನೆಯ ಗದ್ದಲ. ಕಾಗುಣಿತವೂ ತಪ್ಪು: ವಾಲಗ ಅಲ್ಲ, ಓಲಗ. ಬೇರೆ ವಿಷಯ ತರುವುದು.’

ನನ್ನ ಕೈಯಾರೆ ಆ ಪದವನ್ನು ತಿದ್ದಿದೆ, ತಿದ್ದಿದ ಪದವನ್ನು ಓದಲಿಲ್ಲ. ಅದು ಆಮೇಲಿನ ಮಾತು.

ಶುಕ್ರವಾರ ಆರೂ ಗುಂಪುಗಳಿಗೆ ಬೇರೆ ಬೇರೆ ವಿಷಯ ಹಂಚಿದೆ. ಅರಮನೆಯನ್ನು ಬಿಡಲೇ ಆಗದು ಎಂದು ಗೋಳಿಟ್ಟ ಒಂದು ಗುಂಪಿಗೆ ಮಾತ್ರ ಅದನ್ನು ಉಳಿಸಿದೆ. ಕೊನೆ ಬೆಂಚಿನ ಹುಡುಗಿಯನ್ನೂ ಆ ಗುಂಪಿಗೇ ತಳ್ಳಿದೆ. ಅವರು ಅವಳಿಗೆ ಚಾರ್ಟ್ ಹಿಡಿದು ನಿಲ್ಲುವ ಕೆಲಸ ಕೊಟ್ಟರು. ತಲೆಬರಹದಲ್ಲಿ ‘ಮ್ಯೂಸಿಕ್ ಇನ್ ದರ್ಬಾರ್’ ಎಂದಿತ್ತು. “ದರ್ಬಾರ್ ಯಾಕೆ? ರಾಜ ಸಭೆ ಕೂಡೋದಕ್ಕೆ ಓಲಗ, ಒಡ್ಡೋಲಗ ಅಂತ ಎಷ್ಟು ಚೆಂದದ ಕನ್ನಡ ಪದ ಇದೆ” ಎಂದು ನಾನೇ ಬದಲಾಯಿಸಿಕೊಟ್ಟೆ. ‘ರಾಜರ ಓಲಗದಲ್ಲಿ ಸಂಗೀತ’. ಬರೆದು ನೋಡಿ ನನಗೇ ಖುಷಿಯಾಯಿತು.

ಮುಂದಿನ ಬುಧವಾರ ಮೊದಲ ಸ್ಲೈಡುಗಳ ಪರಿಶೀಲನೆ. ಆ ಗುಂಪು ಸ್ಮಾರ್ಟ್ ಬೋರ್ಡಿನ ಮೇಲೆ ತನ್ನ ಮೊದಲ ಸ್ಲೈಡ್ ತೆರೆಯಿತು. ಮೇಲೆ ಚಿನ್ನದ ಬಣ್ಣದಲ್ಲಿ ‘ರಾಜರ ಓಲಗ’. ಕೆಳಗೆ ದೊಡ್ಡ ಫೋಟೋ. ಯಾವುದೋ ಛತ್ರ, ನಾಗಸ್ವರ ಹಿಡಿದ ಇಬ್ಬರು, ಡೋಲಿನವರು ಒಬ್ಬರು, ಅವರ ಹಿಂದೆ ಒಂದರ ಮೇಲೊಂದು ಪೇರಿಸಿಟ್ಟ ಕೆಂಪು ಪ್ಲಾಸ್ಟಿಕ್ ಕುರ್ಚಿಗಳು. ನಾನು ಕೊಟ್ಟ ಪದವನ್ನು ಹುಡುಕಾಟಕ್ಕೆ ಹಾಕಿ ಮೊದಲು ಬಂದ ಚಿತ್ರವನ್ನು ಅಂಟಿಸಿದ್ದರು.

ಇಂಥ ಅವಕಾಶ ಸಿಕ್ಕರೆ ನಾನು ಬಿಡುವವಳಲ್ಲ. “ಏನ್ರೋ, ರಾಜರ ಓಲಗದಲ್ಲಿ ಪ್ಲಾಸ್ಟಿಕ್ ಕುರ್ಚಿ ಇತ್ತಾ? ಮಹಾರಾಜರು ಊಟದ ಹಾಲ್‌ಗೆ ಹೋಗೋ ದಾರೀಲಿ ಕೂತಿರ್ತಿದ್ರಾ?” ಎಂದೆ. ತರಗತಿ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಚಾರ್ಟ್ ಹಿಡಿದು ಮೂಲೆಯಲ್ಲಿ ನಿಂತಿದ್ದ ಆ ಹುಡುಗಿ ಮಾತ್ರ ನಗಲಿಲ್ಲ.

“ಮಿಸ್, ಎರಡೂ ಒಂದೇ ಪದ ಅಲ್ವಾ?” ಎಂದಳು.

“ಯಾವ ಎರಡು?”

“ರಾಜರ ಓಲಗ, ಮದುವೆ ವಾಲಗ. ನೀವೇ ನನ್ನ ಫಾರಂನಲ್ಲಿ ಓಲಗ ಅಂತ ತಿದ್ದಿದ್ರಿ.”

“ಕೇಳೋಕೆ ಒಂದೇ ಥರ ಇರೋ ಪದಗಳೆಲ್ಲ ಒಂದೇ ಆಗಲ್ಲ. ಕೂತ್ಕೋ” ಎಂದೆ.

ಅವಳಿಗೆ ಕೂರಲು ಅಲ್ಲಿ ಜಾಗ ಇರಲಿಲ್ಲ, ಚಾರ್ಟ್ ಹಿಡಿದು ನಿಂತೇ ಇದ್ದಳು.

ಮಧ್ಯಾಹ್ನ ಸ್ಟಾಫ್ ರೂಮಿನ ಬೀರುವಿನಿಂದ ನನ್ನ ತಂದೆಯ ಕಾಲದ ದಪ್ಪ ನಿಘಂಟನ್ನು ತೆಗೆದೆ. ಅವಳು ತಪ್ಪು ಎಂದು ಪುಟದ ನಂಬರು ಸಮೇತ ತೋರಿಸಬೇಕು ಎಂಬುದೇ ಉದ್ದೇಶ. ‘ಓಲಗ’ ಎಂಬ ಪದದ ಎದುರು ಒಂದರ ಕೆಳಗೊಂದು ಅರ್ಥಗಳಿದ್ದವು. ಸೇವೆ. ರಾಜನ ಸಭೆ. ಆಮೇಲೆ, ನಾಗಸ್ವರದ ವಾದ್ಯಮೇಳ. ಬೇರೆ ಬೇರೆ ಪದಗಳಲ್ಲ, ಒಂದೇ ಪದ. ರಾಜನ ಮುಂದೆ ನಿಂತು ಸಲ್ಲಿಸುವ ಸೇವೆ, ಆ ಸೇವೆ ನಡೆಯುವ ಸಭೆ, ಅಲ್ಲಿ ಊದುವ ವಾದ್ಯ. ಅರಮನೆಯ ಸಭೆಗಳು ಹೋದವು, ಊದುವವರು ಛತ್ರಕ್ಕೆ ಬಂದರು, ಬರುವಾಗ ಸಭೆಯ ಹೆಸರನ್ನು ತಮ್ಮ ಜೊತೆಗೆ ತಂದರು. ಸಂಗೀತವನ್ನೂ ಇತಿಹಾಸವನ್ನೂ ಬೆಸೆಯುವ ವಿಷಯ ಬೇಕು ಎಂದರಲ್ಲ, ಬೆಸೆದೇ ಇದ್ದ ಪದ ಅದು. ಆರು ಗುಂಪು, ಒಬ್ಬ ಟ್ಯೂಷನ್ ಅಣ್ಣ, ಒಂದು ಕಂಪ್ಯೂಟರು ಮತ್ತು ನಿಘಂಟು ಮಿಸ್ ಸೇರಿಯೂ ಕಾಣದ್ದನ್ನು ಕೊನೆ ಬೆಂಚು ಕಂಡಿತ್ತು. ನನಗೆ ಅವಮಾನವಾಯಿತು, ಜೊತೆಗೆ ಆ ಹುಡುಗಿಯ ಮೇಲೆ ಸಣ್ಣ ಕೋಪವೂ ಬಂತು. ಇದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಮರುದಿನ ಅವಳನ್ನು ಕರೆದು, “ನಿನ್ನ ವಿಷಯವೇ ಸರಿ. ಒಬ್ಬಳೇ ಮಾಡು” ಎಂದೆ. ಅವಳು ಚಪ್ಪಲಿ ನೋಡುತ್ತಾ, “ಅಮ್ಮ ಬೇಡ ಅಂದ್ರು ಮಿಸ್” ಎಂದಳು.

ಅಮ್ಮ ಶನಿವಾರ ಬಂದರು. ಜೆ.ಪಿ. ನಗರದ ಒಂದು ಅಪಾರ್ಟ್‌ಮೆಂಟಿನಲ್ಲಿ ಮನೆ, ಆಫೀಸಿನ ಐಡಿ ಕಾರ್ಡ್ ಕೊರಳಲ್ಲೇ ಇತ್ತು. ನಾನು ಕ್ಷಮೆ ಕೇಳುವ ಮಾತುಗಳನ್ನು ಹೊಂದಿಸಿಕೊಂಡು ಕೂತಿದ್ದೆ. ಅವರು ಬಂದವರೇ ಕೈ ಮುಗಿದರು.

“ತುಂಬಾ ಥ್ಯಾಂಕ್ಸ್ ಮಿಸ್. ನೀವು ಬೇಡ ಅಂತ ಬರೆದಿದ್ದು ಒಳ್ಳೇದಾಯ್ತು. ನಾನು ಹೇಳಿದ್ರೆ ಕೇಳಲ್ಲ ಅವಳು.”

“ಯಾಕೆ ಬೇಡ ನಿಮಗೆ?”

“ನಮ್ಮಾವ ನಲವತ್ತು ವರ್ಷ ವಾಲಗ ಊದಿದೋರು. ಈಗ ಬಿಟ್ಟಿದಾರೆ, ನಮ್ಮ ಜೊತೇಲೇ ಇದಾರೆ. ಅಪಾರ್ಟ್‌ಮೆಂಟಲ್ಲಿ ಯಾರಿಗೂ ಗೊತ್ತಿಲ್ಲ. ವಾಲಗ ಅಂದ ತಕ್ಷಣ ಮುಂದಿನ ಪ್ರಶ್ನೆ ಏನು ಗೊತ್ತಾ ಮಿಸ್? ‘ಹಾಗಾದ್ರೆ ನೀವು ಯಾವ ಜನ?’ ಅದಾದ ಮೇಲೆ ಅರಿಶಿನ ಕುಂಕುಮಕ್ಕೆ ಕರೆಯೋದು ನಿಲ್ಲುತ್ತೆ. ನನ್ನ ಮಗಳಿಗೆ ಅದು ಬೇಡ.”

ಆ ಫಾರಂನ ತಾತ ಹೋಂವರ್ಕ್ ತಪ್ಪಿಸುವ ತಾತ ಅಲ್ಲ ಎಂದು ನನಗೆ ಗೊತ್ತಾದದ್ದು ಆಗ. ಈ ಹೆಂಗಸು ಅಪಾರ್ಟ್‌ಮೆಂಟಿನವರಿಗೆ ಹೆದರಿ ಮಾವನ ವಾಲಗ ಮುಚ್ಚಿಟ್ಟರೆ, ಆ ಜನರದೇ ತಾತ್ಸಾರವನ್ನು ನಾನು ಯಾರ ಹೆದರಿಕೆಯೂ ಇಲ್ಲದೆ, ಕೆಂಪು ಶಾಯಿಯಲ್ಲಿ, ಸಹಿ ಸಮೇತ ಬರೆದು ಕಳಿಸಿದ್ದೆ. ನಿಮ್ಮ ಅಪಾರ್ಟ್‌ಮೆಂಟಿನವರು ಎಂಥ ಜನ ಎಂದು ಬೈಯಬೇಕೆನಿಸಿತು. ಅಷ್ಟರಲ್ಲಿ ನನ್ನ ಮಗಳ ಮದುವೆ ನೆನಪಾಯಿತು. ಜಯನಗರದ ಛತ್ರದಲ್ಲಿ ವಾಲಗದವರನ್ನು ನಾವು ಕೂರಿಸಿದ್ದು ಏರ್ ಕೂಲರಿನ ಹಿಂದೆ. ನೆಂಟರಿಗೆ ಹರಟೆ ಕೇಳಿಸುತ್ತಿಲ್ಲ, ಸ್ವಲ್ಪ ಮೆಲ್ಲಗೆ ಊದಿ ಎಂದು ಎರಡು ಸಲ ಹೇಳಿ ಕಳಿಸಿದವಳು ನಾನೇ. ಅವರ ಪೈಕಿ ಒಬ್ಬರ ಮುಖವೂ ನನಗೆ ನೆನಪಿಲ್ಲ.

“ನಿಮ್ಮ ಮಾವನವರು ಏನಂತಾರೆ?” ಎಂದಷ್ಟೇ ಕೇಳಿದೆ.

“ಅವರನ್ನ ಯಾರು ಕೇಳ್ತಾರೆ” ಎಂದರು. ಹೇಳಿದ ಮೇಲೆ ಅವರಿಗೇ ಕಸಿವಿಸಿ ಆಯಿತು.

ಅವರನ್ನು ನಾನೇ ಕೇಳುತ್ತೇನೆ ಎಂದೆ. ಸೋಮವಾರ ಬೆಳಿಗ್ಗೆ ತಾತನೇ ಶಾಲೆಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಬಿಳಿ ಷರ್ಟು, ಕಂಕುಳಲ್ಲಿ ಬಟ್ಟೆಯ ಚೀಲ. ಗೇಟಿನ ಸೆಕ್ಯೂರಿಟಿಯವನು ಅವರನ್ನು ಚಂದಾ ಕೇಳುವವರೆಂದು ಹದಿನೈದು ನಿಮಿಷ ನಿಲ್ಲಿಸಿಕೊಂಡಿದ್ದ. ಸ್ಟಾಫ್ ರೂಮಿನಲ್ಲಿ ಕುರ್ಚಿ ಕೊಟ್ಟರೆ ಅದರ ತುದಿಯಲ್ಲಿ ಕೂತರು.

“ಮಗು ಎಲ್ಲ ಹೇಳ್ತು ಮೇಡಂ. ನೀವು ಗದ್ದಲ ಅಂದಿದ್ದು ಸರೀನೇ.”

ನಾನು ಏನೋ ಹೇಳಹೋದೆ. ಅವರು ಕೈ ಅಡ್ಡ ಹಿಡಿದರು.

“ಕೇಳಿ. ತಾಳಿ ಕಟ್ಟೋ ಹೊತ್ತಿಗೆ ಪುರೋಹಿತರು ಬೆರಳೆತ್ತಿ ಅಲ್ಲಾಡಿಸ್ತಾರೆ, ಗಟ್ಟಿಮೇಳ, ಗಟ್ಟಿಮೇಳ ಅಂತ. ಆಗ ನಾವು ರಾಗ ಗೀಗ ನೋಡಲ್ಲ, ಉಸಿರಿರೋವಷ್ಟೂ ಊದ್ತೀವಿ, ಡೋಲಿನೋನು ಕೈ ಮುರಿಯೋ ಹಾಗೆ ಬಾರಿಸ್ತಾನೆ. ಯಾಕೆ ಹೇಳಿ? ಆ ಗಳಿಗೇಲಿ ಯಾರೋ ಸೀನಬಹುದು, ಯಾರೋ ಅಳಬಹುದು, ಯಾರೋ ಕೆಟ್ಟ ಮಾತಾಡಬಹುದು. ಅದು ಆ ಹೆಣ್ಣುಮಗೂ ಕಿವಿಗೆ ಬೀಳಬಾರದು. ಊದೋದಲ್ಲ ನಮ್ಮ ಕೆಲಸ, ಮುಚ್ಚೋದು. ಗದ್ದಲ ಮಾಡೋದಕ್ಕೇ ನಮ್ಮನ್ನ ಕರೆಯೋದು.”

“ನಲವತ್ತು ವರ್ಷವೂ ಬೆರಳು ನೋಡ್ಕೊಂಡೇ ಊದಿದ್ರಾ?”

“ಬೆರಳು ಎದ್ದ ಮೇಲೇ ಊದಬೇಕು ಮೇಡಂ. ಮುಂಚೆ ಊದಿದ್ರೆ ಬೈತಾರೆ, ತಡ ಆದ್ರೂ ಬೈತಾರೆ. ಬೆರಳೆತ್ತೋರು ನಮ್ಮ ಕಡೆ ತಿರುಗಲ್ಲ, ಬೆನ್ನು ಮಾಡಿಕೊಂಡೇ ಎತ್ತೋದು. ನನಗೆ ಮುಖ ಗೊತ್ತಿಲ್ಲ, ಬೆರಳು ಗೊತ್ತು” ಎಂದು ನಕ್ಕರು. ಆಮೇಲೆ ಮೊಮ್ಮಗಳ ಶಾಲೆಯ ಡೈರಿಯಲ್ಲಿ ಪೋಷಕರ ಸಹಿಯ ಜಾಗದಲ್ಲಿ, ಅಕ್ಷರ ಅಕ್ಷರವಾಗಿ, ತಮ್ಮ ಹೆಸರು ಬರೆದರು. “ಸೊಸೆಗೆ ನಾನು ಹೇಳ್ತೀನಿ. ಮಗು ಬಾಯಿಂದ ಒಂದು ಸಲ ನಮ್ಮ ತಾತ ಅಂತ ನಾಲ್ಕು ಜನದ ಮುಂದೆ ಬರ್ಲಿ. ಸಾಕು.”

ಇನ್ನು ಮುಂದಿನ ಜಗಳ ಶಾಲೆಯ ಜೊತೆ. ಹುಡುಗಿಯ ತಾತ ಹಾಲಿನಲ್ಲೇ ನಾಗಸ್ವರ ಊದುತ್ತಾರೆ ಎಂದ ತಕ್ಷಣ ಕೋಆರ್ಡಿನೇಟರ್ ಕಣ್ಣು ಅರಳಿತು, ವಾವ್ ಫ್ಯಾಕ್ಟರ್ ಕಂಡಿತಲ್ಲ. ಆದರೆ ಹೆಸರು ಹಿಡಿಸಲಿಲ್ಲ. “ವಾಲಗ ಅಂದ್ರೆ ಸ್ವಲ್ಪ ಲೋಕಲ್ ಆಗುತ್ತೆ ಮ್ಯಾಮ್. ‘ರಾಯಲ್ ವಿಂಡ್ಸ್ ಆಫ್ ಕರ್ನಾಟಕ’ ಅಂತ ಇಡೋಣ?” ಎಂದರು. ಶಾಲೆಯ ಸಂಗೀತದ ಮೇಷ್ಟ್ರು ಮೂಲೆಯಿಂದ, “ಅಷ್ಟು ಜೋರು ವಾದ್ಯ ಹಾಲ್‌ಗೆ ಆಗಲ್ಲ ಮ್ಯಾಮ್. ನನ್ನ ಕೀಬೋರ್ಡಲ್ಲಿ ಶಹನಾಯಿ ಟೋನ್ ಇದೆ, ಕೆಳಗೆ ಒಂದು ಬೀಟ್ ಹಾಕಿದ್ರೆ ಸಖತ್ತಾಗಿರುತ್ತೆ” ಎಂದರು. ಈ ಮನುಷ್ಯ ಕೀಬೋರ್ಡಿನ ಗುಂಡಿ ಒತ್ತಿ ತಾಳ ಶುರುವಾದ ಮೇಲೆ ಅದನ್ನು ನಿಲ್ಲಿಸಲು ಬಾರದೆ ಪ್ಲಗ್ ಕಿತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಸರು ಬದಲಾದರೆ ಒಂಬತ್ತನೇ ತರಗತಿಯ ಒಂದು ಗುಂಪಿಗೂ ನಾನು ಸಹಿ ಹಾಕುವುದಿಲ್ಲ ಎಂದೆ. ನನ್ನ ಸಹಿ ಇಲ್ಲದೆ ಅವರ ಕಾರ್ಯಕ್ರಮ ಇಲ್ಲ. ಹೆಸರು ‘ಓಲಗ’ ಎಂದೇ ಉಳಿಯಿತು.

ಪ್ರೆಸೆಂಟೇಷನ್ನಿನ ಹಿಂದಿನ ದಿನ ಮಧ್ಯಾಹ್ನ ಎಲ್ಲ ಸ್ಲೈಡುಗಳಿಗೂ ಕೊನೆಯ ಒಪ್ಪಿಗೆ. ಕಂಪ್ಯೂಟರ್ ಲ್ಯಾಬಿನಲ್ಲಿ ನಾನು, ಕೋಆರ್ಡಿನೇಟರ್, ಆ ಹುಡುಗಿ. ಒಂದು, ಪದದ ಅರ್ಥಗಳು. ಎರಡು, ಸಭೆಯಿಂದ ಛತ್ರಕ್ಕೆ ಬಂದ ದಾರಿ. ಮೂರು, ವಾದ್ಯದ ಭಾಗಗಳು. ಚೊಕ್ಕವಾಗಿ ಮಾಡಿದ್ದಳು. ಕೊನೆಯ ಸ್ಲೈಡಿನ ಮೇಲೆ ‘ಮೂಲ ಆಧಾರ: ಓಲಗದ ಬಗ್ಗೆ ನಮ್ಮ ಕಾಲದವರು ಬರೆದದ್ದು’ ಎಂದಿತ್ತು. ಕೆಳಗೆ ಅವಳ ಹಳೆಯ ಫಾರಂನ ಫೋಟೋ. ‘ಇದು ಇತಿಹಾಸವಲ್ಲ, ಮದುವೆ ಮನೆಯ ಗದ್ದಲ.’ ಸಹಿ ಇದ್ದ ತುದಿಯನ್ನು ಕತ್ತರಿಸಿದ್ದಳು. ಆದರೆ ಇಡೀ ಶಾಲೆಗೆ ನನ್ನ ಅಕ್ಷರ ಗೊತ್ತು.

ಕೋಆರ್ಡಿನೇಟರ್ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡರು.

“ಇದನ್ನ ತೆಗೆಸಿ ಮ್ಯಾಮ್” ಎಂದು ನನ್ನ ಕಿವಿಯಲ್ಲಿ ಹೇಳಿದರು. “ಪೇರೆಂಟ್ಸ್ ಇರ್ತಾರೆ. ನಿಮಗೂ ಒಳ್ಳೇದಲ್ಲ, ಸ್ಕೂಲಿಗೂ ಒಳ್ಳೇದಲ್ಲ.”

ಅವರು ಎರಡು ವರ್ಷದಲ್ಲಿ ಮೊದಲ ಸಲ ನನಗೆ ಉಪಕಾರವಾಗುವ ಮಾತು ಆಡಿದ್ದರು. ಒಪ್ಪಿಕೊಂಡುಬಿಡೋಣ ಅನಿಸಿತು, ಸುಳ್ಳು ಹೇಳುವುದಿಲ್ಲ. ಇಪ್ಪತ್ತೆರಡು ವರ್ಷ ಎಲ್ಲರನ್ನೂ ತಿದ್ದಿದ ಹೆಂಗಸು ತನ್ನದೇ ಕೆಂಪು ಶಾಯಿಯಲ್ಲಿ, ಇನ್ನೂರು ಜನರ ಎದುರು, ಗೋಡೆ ತುಂಬ.

“ಇದನ್ನ ಯಾಕೆ ಹಾಕ್ದೆ?” ಎಂದು ಹುಡುಗಿಯನ್ನು ಕೇಳಿದೆ.

“ನೀವೇ ಹೇಳಿದ್ರಲ್ಲ ಮಿಸ್. ಆ ಕಾಲದವರು ಆ ಕಾಲದಲ್ಲೇ ಕೈಯಾರೆ ಬರೆದಿದ್ದು ಪ್ರೈಮರಿ ಸೋರ್ಸ್ ಅಂತ. ತಪ್ಪಿದ್ರೂ ಪರವಾಗಿಲ್ಲ ಅಂತ.” ಅವಳ ದನಿಯಲ್ಲಿ ಕೊಂಕು ಇತ್ತೇ ಎಂದು ಹುಡುಕಿದೆ. ಇರಲಿಲ್ಲ. ಪಾಠವನ್ನು ಅಕ್ಷರಶಃ ಕೇಳಿಸಿಕೊಂಡ ಒಂದೇ ಒಂದು ಮಗು.

“ಇದು ಸರಿಯಿಲ್ಲ” ಎಂದೆ. ಅವಳ ಮುಖ ಸಣ್ಣದಾಯಿತು. “ಮೂಲ ಆಧಾರಕ್ಕೆ ದಿನಾಂಕ ಬೇಕು. ಬರೆದವರ ಹೆಸರು ಬೇಕು. ಸಹಿ ಯಾಕೆ ಕತ್ತರಿಸಿದೀಯ? ಪೂರ್ತಿ ಹಾಕು, ಆಮೇಲೆ ತಂದು ತೋರಿಸು.”

ಅವಳು ಪೂರ್ತಿ ಹಾಕಿದಳು. ನಾನು ಸಹಿ ಮಾಡಿದೆ.

ಮರುದಿನ ಹಾಲ್ ತುಂಬಿತ್ತು. ಮೊದಲ ಆರು ಗುಂಪುಗಳ ಬಗ್ಗೆ ಹೇಳುವುದಕ್ಕೇನಿಲ್ಲ, ಅವರ ಫಾಂಟುಗಳು ಚೆನ್ನಾಗಿದ್ದವು. ಅಪ್ಪಂದಿರು ಮೊಬೈಲ್ ನೋಡುತ್ತಿದ್ದರು, ಅಮ್ಮಂದಿರು ತಮ್ಮ ಮಗು ಬಂದಾಗ ಮಾತ್ರ ಮೊಬೈಲ್ ಎತ್ತುತ್ತಿದ್ದರು. ದೀಪದ ಸ್ವಿಚ್ಚುಗಳ ಉಸ್ತುವಾರಿ ನನ್ನದು, ಹಿಂದಿನ ಬಾಗಿಲ ಬಳಿ ನಿಂತಿದ್ದೆ. ಹುಡುಗಿಯ ಅಮ್ಮ ಅಲ್ಲೇ ಕೊನೆಯ ಸಾಲಿನಲ್ಲಿ ಕೂತಿದ್ದರು, ಬಂದದ್ದೇ ದೊಡ್ಡದು. ವೇದಿಕೆಯ ಬದಿಯಲ್ಲಿ ತಾತ, ಅವರ ಪಕ್ಕ ಅವರ ವಯಸ್ಸಿನವರೇ ಒಬ್ಬ ಡೋಲಿನ ಗೆಳೆಯರು. ಪ್ರೆಸೆಂಟೇಷನ್ ಮುಗಿದ ಮೇಲೆ ನಾನು ಹಿಂದಿನಿಂದ ಬೆರಳೆತ್ತುವುದು, ಅವರು ಊದುವುದು ಎಂದು ಗೊತ್ತುಮಾಡಿಕೊಂಡಿದ್ದೆವು. ನಿಮ್ಮ ಕಡೆ ಮುಖ ಮಾಡಿಕೊಂಡೇ ಎತ್ತುತ್ತೇನೆ ಎಂದು ನಾನು ಮಾತು ಕೊಟ್ಟಿದ್ದೆ.

ಹುಡುಗಿ ಸಣ್ಣ ದನಿಯಲ್ಲಿ ಶುರು ಮಾಡಿದಳು. ಮೂರನೇ ಸ್ಲೈಡಿಗೆ ಬಂದಾಗ, “ಇಲ್ಲಿ ಕೂತಿರೋರು ನಮ್ಮ ತಾತ” ಎಂದಳು. ಕೊನೆಯ ಸಾಲಿನಲ್ಲಿ ಪಕ್ಕದ ಹೆಂಗಸು, “ಹೌದಾ? ನಿಮ್ಮ ಮನೇವ್ರಾ?” ಎಂದು ಕೇಳಿದರು. ಅಮ್ಮ, “ನಮ್ಮಾವ” ಎಂದರು. ಆಮೇಲೆ ಫೋನ್ ತೆಗೆದು ವೇದಿಕೆಯ ಕಡೆ ಹಿಡಿದರು.

ಕೊನೆಯ ಸ್ಲೈಡ್ ಬಂತು. ಕೆಂಪು ಅಕ್ಷರ, ಸಹಿ, ದಿನಾಂಕ, ಕೆಳಗೆ ನನ್ನ ಪೂರ್ತಿ ಹೆಸರು. ಹುಡುಗಿ ಅದನ್ನು ಗಟ್ಟಿಯಾಗಿ ಓದಿದಳು. ಆಮೇಲೆ ಮಧ್ಯದ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಹಬ್ಬಿತು. “ನಿಘಂಟು ಮಿಸ್ಸೇ” ಎಂದಿತು ಒಂದು ದನಿ. ನಗು ಸಾಲಿನಿಂದ ಸಾಲಿಗೆ ಹಿಂದಕ್ಕೆ ಬಂತು, ತಲೆಗಳು ಒಂದೊಂದಾಗಿ ನನ್ನತ್ತ ತಿರುಗಿದವು. ಈ ಜನರ ನಗು ನನಗೆ ಚೆನ್ನಾಗಿ ಗೊತ್ತು, ನಾನೇ ಎಷ್ಟೋ ಸಲ ಶುರು ಮಾಡಿಕೊಟ್ಟ ನಗು ಅದು. ಬೆರಳೆತ್ತಬೇಕಿತ್ತು. ಕೈ ಸ್ವಿಚ್ಚಿನ ಮೇಲೇ ಇತ್ತು, ಏಳಲಿಲ್ಲ.

ತಾತ ನನ್ನನ್ನು ನೋಡಿದರು. ಬೆರಳು ಎದ್ದಿಲ್ಲ ಎಂಬುದು ಅವರಿಗೆ ಕಂಡಿತ್ತು. ಪಕ್ಕದವರ ಮೊಣಕಾಲು ತಟ್ಟಿ, ನಾಗಸ್ವರ ಎತ್ತಿ, ಉಸಿರಿದ್ದಷ್ಟೂ ಊದಿದರು. ಡೋಲು ಬಿತ್ತು. ಗಟ್ಟಿಮೇಳ. ಹಾಲಿನ ಗಾಜುಗಳು ನಡುಗಿದವು, ಕೋಆರ್ಡಿನೇಟರ್ ಕಿವಿ ಮುಚ್ಚಿಕೊಂಡರು. ತಿರುಗಿದ್ದ ತಲೆಗಳೆಲ್ಲ ಮತ್ತೆ ವೇದಿಕೆಯ ಕಡೆ ತಿರುಗಿದವು. ಬಾಯಿಗಳು ಇನ್ನೂ ನಗುತ್ತಿದ್ದವೇನೋ, ನನಗೆ ಒಂದೂ ಕೇಳಿಸಲಿಲ್ಲ.

ಸೋಮವಾರ ಕೋಆರ್ಡಿನೇಟರ್ ಲ್ಯಾಪ್‌ಟಾಪ್ ಹಿಡಿದು ಸ್ಟಾಫ್ ರೂಮಿಗೆ ಬಂದರು. ಹುಬ್ಬು ಗಂಟಿಕ್ಕಿತ್ತು.

“ನಿಮ್ಮ ಕ್ಲಾಸಿನ ವಿಡಿಯೋ ವೆಬ್‌ಸೈಟಿಗೆ ಹಾಕೋ ಹಾಗಿಲ್ಲ ಮ್ಯಾಮ್, ಆಡಿಯೋ ಪೂರ್ತಿ ಹಾಳಾಗಿದೆ. ಕೊನೇ ಸ್ಲೈಡಿಗೆ ಆಡಿಯೆನ್ಸ್ ಅಷ್ಟು ನಕ್ಕರಲ್ಲ, ಅದು ಕೇಳಿಸ್ತಾನೇ ಇಲ್ಲ. ಬರೀ ವಾಲಗ.”